ಹುಳದಲ್ಲಿ ಗಂಡು ಯಾವುದು, ಹೆಣ್ಣು ಯಾವುದು? ನಮ್ಮ ರೇಷ್ಮೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ

ಮಳೆ ಬಿದ್ದ ರಾತ್ರಿ ಬಚ್ಚಲ ಕಲ್ಲಿನ ಕೆಳಗಿಂದ ಜರಿ ಹೊರಗೆ ಬಂದರೆ ಮನೆಮಂದಿಯೆಲ್ಲ ಎದ್ದು ಕೂರುತ್ತೇವೆ. ಕೆ.ಜಿ.ಎಫ್.ನ ಗಣಿ ಲೈನ್‌ಗಳ ತಮಿಳು ಮನೆಗಳಲ್ಲಿ ಅದು ಪೂರಾನ್, ಬಂಗಾರಪೇಟೆ ಸುತ್ತಿನ ತೆಲುಗು ಮನೆಗಳಲ್ಲಿ ಜೆರ್ರಿ. ಹೆಸರು ಏನೇ ಇರಲಿ, ಎಲ್ಲರ ಕೈಯೂ ಹೋಗುವುದು ಚಪ್ಪಲಿಗೆ.

ಹೊರದೇಶಗಳಲ್ಲಿ ಇದೇ ಜರಿಯನ್ನು ಗಾಜಿನ ಡಬ್ಬಿಯಲ್ಲಿ ಸಾಕಿ ಮರಿ ಮಾಡಿಸುವವರಿದ್ದಾರೆ. ಅವರ ದೊಡ್ಡ ತಲೆನೋವು ಒಂದೇ. ಗಂಡು ಹೆಣ್ಣು ಎರಡೂ ಹೊರಗಿನಿಂದ ನೋಡಲು ಒಂದೇ ಥರ. ಗುರುತು ಬಾಲದ ತುದಿಯಲ್ಲಿ, ಒಳಗೆ ಅಡಗಿರುತ್ತದೆ. ಜೋಡಿ ತಪ್ಪಿದರೆ ಒಂದು ಇನ್ನೊಂದನ್ನು ತಿಂದುಹಾಕಲೂಬಹುದು.

ಅವರಿಗೆ ಅದು ಹವ್ಯಾಸ. ನಮ್ಮ ಕೋಲಾರ ಸೀಮೆಯಲ್ಲಿ ಇದೇ ಪ್ರಶ್ನೆ ಹೊಟ್ಟೆಪಾಡಿನದು. ನಾವು ಹೇಳಹೊರಟಿರುವುದು ಮನೆಯೊಳಗೆ ತಟ್ಟೆಯಲ್ಲಿ ಸೊಪ್ಪು ಹಾಕಿ ಸಾಕುವ ಹುಳದ ಕಥೆ.

ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಬೇರು ಕೊಟ್ಟವನು ಟಿಪ್ಪು ಸುಲ್ತಾನ್. 1780ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಿ, 21 ಕಡೆ ಸಾಕಲು ಅಪ್ಪಣೆ ಮಾಡಿದ. ನಮ್ಮ ಹವೆಗೆ ಒಗ್ಗಿಕೊಂಡು ಉಳಿದದ್ದೇ ಮೈಸೂರು ತಳಿ. ಗೂಡು ಸಣ್ಣದು, ಬಣ್ಣ ಹಸಿರು ಮಿಶ್ರಿತ ಹಳದಿ. ನೂಲು ಕಡಿಮೆ, ಆದರೆ ಬಿಸಿಲಿಗೂ ರೋಗಕ್ಕೂ ಜಗ್ಗದ ಗಟ್ಟಿ ಹುಳು.

ಆಗ ಗಂಡು ಹೆಣ್ಣು ಬೇರೆ ಮಾಡುವ ಅಗತ್ಯವೇ ಇರಲಿಲ್ಲ. ಇರುವುದೆಲ್ಲ ಒಂದೇ ತಳಿ, ಯಾವ ಚಿಟ್ಟೆ ಯಾವುದರ ಜೊತೆ ಕೂಡಿದರೂ ಮರಿ ಅದೇ ತಳಿ. ರೈತರು ತಮ್ಮ ಗೂಡಿನಲ್ಲೇ ಒಂದಿಷ್ಟು ಎತ್ತಿಟ್ಟು ಬಿತ್ತನೆ ಮಾಡಿಕೊಳ್ಳುತ್ತಿದ್ದರು.

19ನೇ ಶತಮಾನದ ನಡುವಿನಲ್ಲಿ ಯುರೋಪಿನ ರೇಷ್ಮೆಯನ್ನು ಗಂಟುರೋಗ ನೆಲಕಚ್ಚಿಸಿತು. ಫ್ರಾನ್ಸಿನ ಲೂಯಿ ಪಾಶ್ಚರ್ 1865ರಿಂದ ಐದು ವರ್ಷ ಅದರ ಹಿಂದೆ ಬಿದ್ದರು. ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ, ಆದ್ದರಿಂದ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆ ಸುಟ್ಟುಬಿಡಿ ಎಂದರು. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಇದೇ ಪರೀಕ್ಷೆ.

ಎರಡನೆಯ ತಿರುವು ಜಪಾನಿನದು. 1906ರಲ್ಲಿ ಟೊಯಾಮ ಕಮೆತಾರೊ ಎಂಬ ವಿಜ್ಞಾನಿ, ಎರಡು ಬೇರೆ ತಳಿ ಕೂಡಿಸಿದರೆ ಮೊದಲ ಪೀಳಿಗೆಯ ಹುಳು ಅಪ್ಪ ಅಮ್ಮನಿಗಿಂತ ಬಲವಾಗಿರುತ್ತದೆ ಎಂದು ತೋರಿಸಿದರು. ನಮ್ಮಲ್ಲಿ ಜೆಮ್‌ಸೆಟ್‌ಜಿ ಟಾಟಾ ಅದಕ್ಕೂ ಮುಂಚೆ, 1896ರಲ್ಲೇ, ಬೆಂಗಳೂರಿನಲ್ಲಿ ಜಪಾನಿ ತಜ್ಞರನ್ನು ಕರೆಸಿ ರೇಷ್ಮೆ ಫಾರಂ ತೆರೆದಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸರ್ಕಾರಕ್ಕೆ ರೇಷ್ಮೆ ಇಲಾಖೆ ಬಂತು, ಚನ್ನಪಟ್ಟಣದಲ್ಲಿ ಫಾರಂ ಬಂತು. 1920ರ ದಶಕದಲ್ಲಿ ಮೈಸೂರು ತಳಿಯ ಜೊತೆ ಹೊರದೇಶದ ತಳಿ ಕೂಡಿಸಿದ ಮಿಶ್ರತಳಿ ಹಳ್ಳಿಗಳಿಗೆ ಇಳಿಯಿತು.

ಗಂಡು ಹೆಣ್ಣಿನ ಪ್ರಶ್ನೆ ಎದ್ದದ್ದು ಇಲ್ಲಿ. ಮಿಶ್ರತಳಿಗೆ ಮೈಸೂರು ತಳಿಯ ಹೆಣ್ಣು ಬೇಕು, ದ್ವಿತಳಿಯ ಗಂಡು ಬೇಕು. ಎರಡೂ ಚಿಟ್ಟೆಯಾಗಿ ಹೊರಬರುವ ಮುಂಚೆಯೇ ಬೇರೆಯಾಗಬೇಕು. ಯಾಕೆಂದರೆ ಚಿಟ್ಟೆ ಹೊರಬಂದ ಕೂಡಲೇ ಪಕ್ಕದಲ್ಲಿರುವ ತನ್ನದೇ ತಳಿಯ ಜೊತೆ ಕೂಡಿಬಿಡುತ್ತದೆ.

ಗುರುತು ಹಿಡಿಯುವುದು ಹೀಗೆ. ಕೊನೆಯ ಜ್ವರ ಎದ್ದ ಹುಳುವನ್ನು ಮಗುಚಿ ನೋಡಿದರೆ, ಬಾಲದ ಹತ್ತಿರ ಹೆಣ್ಣಿಗೆ ಹಾಲುಬಣ್ಣದ ನಾಲ್ಕು ಚುಕ್ಕೆ, ಗಂಡಿಗೆ ಒಂದೇ. ಆ ನಾಲ್ಕು ಚುಕ್ಕೆಗೆ ಜಪಾನಿನ ಇಶಿವಾತ ಅವರ ಹೆಸರಿದೆ, ಒಂದು ಚುಕ್ಕೆಗೆ ಜರ್ಮನಿಯ ಹೆರಾಲ್ಡ್ ಅವರ ಹೆಸರು. ಗೂಡು ಕತ್ತರಿಸಿ ತೆಗೆದ ಕೋಶದಲ್ಲಿ ಇನ್ನೂ ಸುಲಭ. ಹೆಣ್ಣು ದಪ್ಪ, ಬಾಲದ ಕಡೆ ಸಣ್ಣ ಗೀರು. ಗಂಡು ತೆಳು, ಒಂದು ಚುಕ್ಕೆ. ಚಿಟ್ಟೆಯಾದ ಮೇಲೆ ಹೆಣ್ಣು ಹೊಟ್ಟೆ ಹೊತ್ತು ಕೂತಲ್ಲೇ ಕೂರುತ್ತದೆ, ಗಂಡು ರೆಕ್ಕೆ ಬಡಿದು ಸುತ್ತುತ್ತದೆ.

ಬಿತ್ತನೆ ಕೋಠಿಗಳಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಕೋಶವನ್ನು ಬೆರಳಲ್ಲಿ ತಿರುಗಿಸಿ, ಒಂದು ನೋಟ, ಆ ತಟ್ಟೆಗೋ ಈ ತಟ್ಟೆಗೋ. ಇತಿಹಾಸದ ಪುಸ್ತಕಗಳಲ್ಲಿ ಇವರ ಹೆಸರಿಲ್ಲ. ಆದರೆ ಇವರ ಕಣ್ಣು ತಪ್ಪಿದರೆ ನಷ್ಟ ನಮ್ಮ ರೈತರಿಗೆ. ಮೈಸೂರು ಹೆಣ್ಣುಗಳ ತಟ್ಟೆಯಲ್ಲಿ ನಾಲ್ಕು ಗಂಡು ಉಳಿದರೆ, ಮಿಶ್ರತಳಿ ಎಂದು ಮಾರಿದ ಮೊಟ್ಟೆಯಲ್ಲಿ ಬರೀ ಮೈಸೂರು ತಳಿ ಬೆರೆಯುತ್ತದೆ. ಒಂದು ಚಿಟ್ಟೆಯ ಮೊಟ್ಟೆ ಎಂದರೆ 400ರಷ್ಟು ಹುಳು. ಅರ್ಧ ಹುಳು ಹಣ್ಣಾಗಿ ಚಂದ್ರಿಕೆ ಹತ್ತುವಾಗ ಇನ್ನರ್ಧ ಸೊಪ್ಪು ತಿನ್ನುತ್ತಿರುತ್ತದೆ. ಮಾರುಕಟ್ಟೆಗೆ ಒಯ್ದ ಗೂಡು ಒಂದೇ ಸಮ ಇಲ್ಲದಿದ್ದರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ತಿಂಗಳ ದುಡಿಮೆ ಹೋಗುತ್ತದೆ.

ಮಿಶ್ರತಳಿಯ ಗೂಡಿನಿಂದ ಮನೆಯಲ್ಲೇ ಬಿತ್ತನೆ ಮಾಡಿಕೊಳ್ಳಬಾರದು ಎನ್ನುವುದಕ್ಕೂ ಇದೇ ಕಾರಣ. ಎರಡನೇ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಗುಣವೆಲ್ಲ ಚೆದುರಿ, ಒಂದು ಹುಳು ಇದ್ದಂತೆ ಇನ್ನೊಂದು ಇರುವುದಿಲ್ಲ. ಬಿತ್ತನೆಗೆ ಕಟ್ಟುಪಾಡು ಹಾಕುವ ಕಾಯ್ದೆ ನಮ್ಮ ರಾಜ್ಯದಲ್ಲಿ 1959ರಲ್ಲೇ ಬಂದಿದೆ.

ಇನ್ನೊಂದು ಮಾತು. ರೇಷ್ಮೆಹುಳದಲ್ಲಿ ಮರಿ ಗಂಡೋ ಹೆಣ್ಣೋ ಎಂದು ನಿರ್ಧಾರವಾಗುವುದು ತಾಯಿಯಿಂದ. ಜಪಾನಿನ ತನಾಕ 1916ರಲ್ಲಿ ಇದನ್ನು ತೋರಿಸಿದರು. ಮನುಷ್ಯರಲ್ಲಿ ಇದು ತಿರುಗುಮುರುಗು, ತಂದೆಯಿಂದ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಆಡಿಕೊಳ್ಳುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಹುಳು ಸಾಕಿದ ನಾವಾದರೂ ಇಷ್ಟು ತಿಳಿದಿರಬೇಕು.

ಕೆ.ಜಿ.ಎಫ್.ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಷ್ಟು ಆಳಕ್ಕೆ ಇಳಿದು ತೆಗೆದ ಚಿನ್ನ ಮುಗಿಯಿತು ಅನ್ನಿಸಿಕೊಂಡಿತು. ಹಿಪ್ಪುನೇರಳೆ ತೋಟಗಳು ಬೋರ್‌ವೆಲ್ ನೀರಿಗೆ ಕಾಯುತ್ತ ಇನ್ನೂ ಉಳಿದಿವೆ. ಮುಂದಿನ ಸಲ ಚಾಕಿ ಹುಳು ತರುವಾಗ ಒಂದು ಕೆಲಸ ಮಾಡಿ. ಮೊಟ್ಟೆ ಯಾವ ಕೋಠಿಯದು, ತಾಯಿ ಚಿಟ್ಟೆಯ ಪರೀಕ್ಷೆ ಆಗಿದೆಯೇ ಎಂದು ಕೇಳಿ, ರಸೀದಿ ಇಟ್ಟುಕೊಳ್ಳಿ. ಕೊನೆಯ ಜ್ವರ ಎದ್ದ ಮೇಲೆ ಒಂದು ಹುಳುವನ್ನು ಅಂಗೈಯಲ್ಲಿ ಮೆಲ್ಲಗೆ ಮಗುಚಿ, ಮಕ್ಕಳಿಗೂ ಚುಕ್ಕೆ ತೋರಿಸಿ.