ಹೆರಿಗೆ ಕೋಣೆಯ ಬಾಯಾರಿಕೆ

ಹರಿಹರದ ನಮ್ಮ ಓಣಿಯಲ್ಲಿ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ನೋವು ಶುರುವಾದವಳಿಗೆ ಸೂಲಗಿತ್ತಿ ಮೊದಲು ಬಿಸಿ ಗಂಜಿ ಕುಡಿಸುತ್ತಿದ್ದಳು. ಖಾಲಿ ಹೊಟ್ಟೆಗೆ ತ್ರಾಣ ಎಲ್ಲಿಂದ ಬರಬೇಕು ಎನ್ನುತ್ತಿದ್ದರು ನಾನಿ. ಹೆರಿಗೆ ನೋವಿನಲ್ಲಿ ಖರ್ಜೂರದ ಮರದ ಬುಡಕ್ಕೆ ಬಂದ ಹಝ್ರತ್ ಮರ್ಯಮರಿಗೆ ಹಣ್ಣು ತಿನ್ನಲು, ನೀರು ಕುಡಿಯಲು ಹೇಳಿದ ಪ್ರಸಂಗ ಕುರ್‌ಆನಿನಲ್ಲೂ ಇದೆ.

ಹೆರಿಗೆ ದಾವಣಗೆರೆಯ ಆಸ್ಪತ್ರೆಗಳಿಗೆ ಹೋದ ಮೇಲೆ ಗಂಜಿ ಬಾಗಿಲಾಚೆ ಉಳಿಯಿತು. ತಂಗಿಯ ಮೊದಲ ಹೆರಿಗೆಯಲ್ಲಿ ಅಮ್ಮಿ ತಂದ ಚಹಾ ಫ್ಲಾಸ್ಕಿನಲ್ಲೇ ಆರಿತು. ಒಳಗಿದ್ದವಳಿಗೆ ಸಿಕ್ಕಿದ್ದು ತುಟಿಗೆ ಒತ್ತಿದ ಒದ್ದೆ ಹತ್ತಿಯಷ್ಟೇ.

ಈ ನಿಯಮ ಬೇರೂರಿದ್ದು ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಬರೆದ ಲೇಖನದಿಂದ. ಅವರು ನೋಡಿದ 44,016 ಹೆರಿಗೆಗಳಲ್ಲಿ 66 ಮಂದಿಗೆ ಹೊಟ್ಟೆಯಲ್ಲಿದ್ದುದು ಶ್ವಾಸನಾಳಕ್ಕೆ ಇಳಿದಿತ್ತು. ಸತ್ತವರು ಇಬ್ಬರು, ಇಬ್ಬರಿಗೂ ಉಸಿರುಗಟ್ಟಿಸಿದ್ದು ಗಟ್ಟಿ ಆಹಾರ. ಆಗ ಅಲ್ಲಿ ಅರಿವಳಿಕೆ ಅನಿಲ ಕೊಟ್ಟು, ಪ್ರಜ್ಞೆ ತಪ್ಪಿಸಿಯೇ ಹೆರಿಗೆ ಮಾಡಿಸುತ್ತಿದ್ದರು. ಭಯ ಸುಳ್ಳಾಗಿರಲಿಲ್ಲ. ಆದರೆ ಈಗ ಸಿಸೇರಿಯನ್ನಿಗೂ ಹೆಚ್ಚಾಗಿ ಬೆನ್ನಿಗೇ ಚುಚ್ಚುಮದ್ದು. ತಾಯಿ ಎಚ್ಚರವಾಗಿಯೇ ಇರುತ್ತಾಳೆ. ನಿಯಮ ಮಾತ್ರ ಹಳೆಯದೇ! ಅಪಾಯ ಕಡಿಮೆಯಿರುವ ಹೆಣ್ಣಿಗೆ ನೋವಿನ ನಡುವೆಯೂ ಅನ್ನ-ನೀರು ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ಅಪಾಯ ಯಾರಿಗೆ ಹೆಚ್ಚು ಎಂಬುದನ್ನು ವೈದ್ಯರೇ ಹೇಳಬೇಕು.

ತಂಗಿಯ ಎರಡನೆಯ ಹೆರಿಗೆಯಲ್ಲಿ ನರ್ಸಮ್ಮ ತಾವಾಗಿಯೇ ಹೊರಗೆ ಬಂದು ಕೇಳಿದರು: "ಎಳನೀರು ತಂದೀರೇನ್ರೀ?"