ದುಡ್ಡು ಮೊದಲೋ, ನೆಲ ಮೊದಲೋ?

‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಸಾಲದ ವ್ಯವಹಾರದಲ್ಲಿ ಹುಟ್ಟಿದ್ದಿರಬಹುದು. ಆದರೆ ಅದು ಹೆಚ್ಚು ಒಪ್ಪುವುದು ದೂರದ ಊರಿನ ಆಸ್ತಿ ಖರೀದಿಗೆ. ತನ್ನದೇ ಊರಿನಲ್ಲಿ ನಿವೇಶನ ಕೊಳ್ಳುವವನು ಪತ್ರ ನೋಡುತ್ತಾನೆ, ಅಕ್ಕಪಕ್ಕದವರನ್ನು ವಿಚಾರಿಸುತ್ತಾನೆ, ನೋಂದಣಿ ಕಚೇರಿಯಲ್ಲಿ ಸಹಿ ಬೀಳುವ ಹೊತ್ತಿಗೆ ಹಣ ಕೊಡುತ್ತಾನೆ. ಕೊಳ್ಳುವ ನೆಲ ಸಮುದ್ರದಾಚೆ ಇದ್ದರೆ? ಹಣ ಮೊದಲು ಕಳಿಸಿದರೆ ಕೊಳ್ಳುವವನಿಗೆ ಭಯ, ಪತ್ರ ಮೊದಲು ಮಾಡಿಕೊಟ್ಟರೆ ಮಾರುವವನಿಗೆ ಭಯ. ನಡುವೆ ಎರಡು ದೇಶಗಳ ಕಾನೂನು, ಎರಡು ಬಗೆಯ ನಾಣ್ಯ, ತಿಂಗಳುಗಟ್ಟಲೆ ಪ್ರಯಾಣ.

ಸಾಮಾನ್ಯರನ್ನು ಇಂದಿಗೂ ಕಾಡುವ ಈ ಸಮಸ್ಯೆ ಒಂದು ಕಾಲಕ್ಕೆ ರಾಜ ಮಹಾರಾಜರನ್ನೂ ಕಾಡಿತ್ತು. ಬೆಂಗಳೂರಿನ ಚರಿತ್ರೆಯಲ್ಲೇ ಇದಕ್ಕೊಂದು ನಿದರ್ಶನವಿದೆ. ತಂಜಾವೂರಿನಲ್ಲಿ ನೆಲೆಸಿದ್ದ ಮರಾಠಾ ದೊರೆ ಏಕೋಜಿಗೆ ದೂರದ ಬೆಂಗಳೂರನ್ನು ಕಾಯುವುದು ಹೊರೆಯಾಗಿತ್ತು. ಅದನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರುವ ಮಾತುಕತೆ ನಡೆಯಿತು. ವ್ಯವಹಾರ ಮುಗಿಯುವ ಮೊದಲೇ, 1687ರಲ್ಲಿ, ಮೊಗಲ್ ಸೇನಾನಿ ಖಾಸಿಂ ಖಾನ್ ಊರನ್ನು ವಶಪಡಿಸಿಕೊಂಡ. ಕೊನೆಗೆ ಒಡೆಯರು ಅಷ್ಟೇ ಮೊತ್ತಕ್ಕೆ ಬೆಂಗಳೂರನ್ನು ಪಡೆದದ್ದು ಮೊಗಲರಿಂದ. ಇದು ಕ್ರಯವಲ್ಲ, ಗುತ್ತಿಗೆ ಎನ್ನುವ ಇತಿಹಾಸಕಾರರೂ ಇದ್ದಾರೆ. ಅದೇನೇ ಇರಲಿ, ಮಾತು ಮುಗಿದ ದಿನಕ್ಕೂ ಹಣ ಕೈಸೇರುವ ದಿನಕ್ಕೂ ನಡುವೆ ಮಾರುವವನ ಒಡೆತನವೇ ಮಾಯವಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಈ ನಡುವಿನ ಅವಧಿಯ ಅಪಾಯವನ್ನು ಕಳೆಯಲು ಜಗತ್ತು ಏನೇನು ಉಪಾಯ ಮಾಡಿತು ಎಂಬುದನ್ನು ತಿಳಿಯಲು ಅಮೆರಿಕ ಸಂಯುಕ್ತ ಸಂಸ್ಥಾನ ಮಾಡಿದ ಮೂರು ಖರೀದಿಗಳನ್ನು ನೋಡಿದರೆ ಸಾಕು.

ಶತ್ರುವಿನ ಊರಿನ ಸಾಹುಕಾರ

ಮೊದಲನೆಯದು 1803ರ ಲೂಯಿಸಿಯಾನ ಖರೀದಿ. ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಹರಡಿದ್ದ, ಎಂಟು ಲಕ್ಷ ಚದರ ಮೈಲಿಗೂ ಮಿಕ್ಕ ಭೂಭಾಗ ಅದು. ಅಧ್ಯಕ್ಷ ಥಾಮಸ್ ಜೆಫರ್‌ಸನ್‌ಗೆ ಬೇಕಾಗಿದ್ದದ್ದು ನ್ಯೂ ಆರ್ಲಿಯನ್ಸ್ ಬಂದರು ಮತ್ತು ಅದರ ಸುತ್ತಲಿನ ಸ್ವಲ್ಪ ನೆಲ ಮಾತ್ರ. ಆದರೆ ಹೈಟಿ ದ್ವೀಪದ ದಂಗೆಯಲ್ಲಿ ಸೈನ್ಯ ಕಳೆದುಕೊಂಡಿದ್ದ, ಬ್ರಿಟನ್ ಜತೆ ಮತ್ತೆ ಯುದ್ಧಕ್ಕೆ ಸಜ್ಜಾಗುತ್ತಿದ್ದ ನೆಪೋಲಿಯನ್ ಇಡೀ ಪ್ರಾಂತ್ಯವನ್ನೇ ಮಾರಲು ಮುಂದಾದ. ಏಪ್ರಿಲ್ 30ರ ದಿನಾಂಕ ಹೊತ್ತ ಒಪ್ಪಂದದ ಪ್ರಕಾರ ಒಟ್ಟು ಬೆಲೆ 8 ಕೋಟಿ ಫ್ರಾಂಕ್, ಅಂದರೆ 1.5 ಕೋಟಿ ಡಾಲರ್. ಇದು ಅಮೆರಿಕ ಸರ್ಕಾರದ ಅಂದಿನ ಒಂದು ವರ್ಷದ ಆದಾಯಕ್ಕಿಂತ ಹೆಚ್ಚು.

ಇಷ್ಟು ಹಣವನ್ನು ಕೊಡುವುದು ಹೇಗೆ? ಬೊಕ್ಕಸದಲ್ಲಿ ಅಷ್ಟು ನಗದು ಇರಲಿಲ್ಲ. ಇದ್ದಿದ್ದರೂ ಚಿನ್ನ ತುಂಬಿದ ಹಡಗು ಬ್ರಿಟಿಷ್ ನೌಕಾಪಡೆಯ ಕಣ್ಣು ತಪ್ಪಿಸಿ ಫ್ರಾನ್ಸ್ ತಲುಪುವ ಭರವಸೆ ಇರಲಿಲ್ಲ. ಅದಕ್ಕಾಗಿ ಒಪ್ಪಂದದ ಜೊತೆಗೇ ಹಣ ಪಾವತಿಯ ಬಗ್ಗೆ ಪ್ರತ್ಯೇಕ ಕರಾರುಗಳನ್ನು ಬರೆಯಲಾಯಿತು.

ಮೊದಲ ಉಪಾಯ, ಹಳೆಯ ಬಾಕಿಯನ್ನು ಬೆಲೆಯಲ್ಲೇ ಮುರಿದುಕೊಳ್ಳುವುದು. ಫ್ರಾನ್ಸ್ ಸರ್ಕಾರ ಅಮೆರಿಕದ ಪ್ರಜೆಗಳಿಗೆ ಕೊಡಬೇಕಾಗಿದ್ದ ಬಾಕಿಗಾಗಿ 2 ಕೋಟಿ ಫ್ರಾಂಕ್ ಹಿಡಿದಿಡಲಾಯಿತು. ಆ ಹಣವನ್ನು ಅಮೆರಿಕ ಸರ್ಕಾರವೇ ತನ್ನ ಪ್ರಜೆಗಳಿಗೆ ಕೊಡಬೇಕು. ಮನೆ ಕೊಳ್ಳುವವನು ಹಳೆಯ ಮಾಲೀಕನ ಕಂದಾಯ ಬಾಕಿಯನ್ನು ಕಳೆದು ಉಳಿದದ್ದನ್ನು ಕೊಡುವ ಪದ್ಧತಿಯೇ ಇದು.

ಎರಡನೆಯದು, ಉಳಿದ 6 ಕೋಟಿ ಫ್ರಾಂಕ್‌ಗೆ, ಅಂದರೆ 1 ಕೋಟಿ 12.5 ಲಕ್ಷ ಡಾಲರಿಗೆ, ನಗದಿನ ಬದಲು ಶೇ 6ರ ಬಡ್ಡಿಯ ಸಾಲಪತ್ರ. ಆರು ತಿಂಗಳಿಗೊಮ್ಮೆ 3,37,500 ಡಾಲರ್ ಬಡ್ಡಿ. ಅದು ಲಂಡನ್, ಆಮ್‌ಸ್ಟರ್‌ಡ್ಯಾಂ ಅಥವಾ ಪ್ಯಾರಿಸ್ಸಿನಲ್ಲಿ ಸಲ್ಲಬೇಕು. ಅಸಲಿನ ತೀರುವಳಿ ಹದಿನೈದು ವರ್ಷದ ನಂತರ ಆರಂಭ. ಡಾಲರಿಗೆ ಎಷ್ಟು ಫ್ರಾಂಕ್ ಎಂಬುದನ್ನೂ ಕರಾರಿನಲ್ಲೇ ನಮೂದಿಸಿದ್ದರಿಂದ, ಮುಂದೆ ವಿನಿಮಯ ದರ ಏರಿಳಿದರೂ ತಕರಾರಿಗೆ ಅವಕಾಶವಿರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಪ್ಪಂದಕ್ಕೆ ಎರಡೂ ಕಡೆಯ ಅನುಮೋದನೆ ದೊರೆತು, ನೆಲ ಅಮೆರಿಕದ ಸ್ವಾಧೀನಕ್ಕೆ ಬಂದ ನಂತರವೇ ಸಾಲಪತ್ರಗಳ ಹಸ್ತಾಂತರ ಎಂದು ಬರೆಯಲಾಗಿತ್ತು. ಸಹಿಯಾದ ಮಾತ್ರಕ್ಕೆ ಹಣವಿಲ್ಲ.

ನೆಪೋಲಿಯನ್‌ಗೆ ಹದಿನೈದು ವರ್ಷ ಕಾಯುವ ವ್ಯವಧಾನ ಎಲ್ಲಿತ್ತು? ಇಲ್ಲಿ ಪ್ರವೇಶಿಸಿದವರು ಲಂಡನ್ನಿನ ಬೇರಿಂಗ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಹೋಪ್ ಎಂಬ ಎರಡು ಸಾಹುಕಾರಿ ಮನೆತನಗಳು. ನಮ್ಮ ಕಡೆ ಸೇಠುಗಳು ಹುಂಡಿಗೆ ವಟ್ಟ ಮುರಿದು ನಗದು ಕೊಡುತ್ತಿದ್ದಂತೆ, ಇವರು ನೂರು ಡಾಲರಿನ ಪತ್ರವನ್ನು ಸುಮಾರು ಎಂಬತ್ತೇಳೂವರೆ ಡಾಲರಿಗೆ ಕೊಳ್ಳಲು ಒಪ್ಪಿ, ಫ್ರಾನ್ಸಿಗೆ ಕಂತುಗಳಲ್ಲಿ ಹಣ ಕೊಟ್ಟರು. ಅವಸರದ ಮಾರಾಟಗಾರ ತೆತ್ತ ಬೆಲೆ ಅದು. ಮಾತುಕತೆ ನಡೆಸಿದ ಅಲೆಕ್ಸಾಂಡರ್ ಬೇರಿಂಗ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. 1795ರಲ್ಲಿ ಮೇನ್ ಪ್ರಾಂತ್ಯದ ಜಮೀನು ಖರೀದಿಗೆಂದು ಅಮೆರಿಕಕ್ಕೆ ಹೋಗಿದ್ದ ಆತ, ಮುಂದೆ ಆ ಜಮೀನಿನ ಒಡೆಯ ವಿಲಿಯಂ ಬಿಂಗ್‌ಹ್ಯಾಮನ ಅಳಿಯನೂ ಆಗಿದ್ದ. ಎರಡೂ ಕಡೆಯವರು ನಂಬುವ ಮೂರನೆಯವನು ಎಂದರೆ ಇಂಥವನೇ.

ವಿಚಿತ್ರವೆಂದರೆ, 1803ರ ಮೇ ತಿಂಗಳಲ್ಲಿ ಬ್ರಿಟನ್-ಫ್ರಾನ್ಸ್ ನಡುವೆ ಯುದ್ಧ ಮತ್ತೆ ಸ್ಫೋಟಿಸಿತು. ಲಂಡನ್ನಿನ ಬ್ಯಾಂಕು ಶತ್ರುವಿನ ಯುದ್ಧಕ್ಕೆ ಹಣ ಒದಗಿಸುವ ಸ್ಥಿತಿ ಬಂತು. ಲೂಯಿಸಿಯಾನ ಫ್ರಾನ್ಸಿನ ಕೈಯಲ್ಲಿರುವುದಕ್ಕಿಂತ ಅಮೆರಿಕದ ಕೈಯಲ್ಲಿರುವುದು ಮೇಲು ಎಂದು ಬ್ರಿಟನ್ ಪ್ರಧಾನಿ ಆಡಿಂಗ್ಟನ್ ಮೊದಲು ಸುಮ್ಮನಿದ್ದರು. ಡಿಸೆಂಬರಿನಲ್ಲಿ ಹಣ ರವಾನೆ ನಿಲ್ಲಿಸುವಂತೆ ಬೇರಿಂಗ್ ಸಂಸ್ಥೆಗೆ ಸೂಚಿಸಿದರು. ಆದರೆ ಹೋಪ್ ಸಂಸ್ಥೆ ಆಮ್‌ಸ್ಟರ್‌ಡ್ಯಾಮಿನಿಂದ ಕಂತು ಕಟ್ಟುವುದನ್ನು ಮುಂದುವರಿಸಿತು. ಎರಡು ಊರುಗಳ ಸಾಹುಕಾರರನ್ನು ಸೇರಿಸಿಕೊಂಡಿದ್ದರ ಲಾಭ ಆಗ ಗೊತ್ತಾಯಿತು.

ಅಮೆರಿಕ ಈ ಸಾಲವನ್ನು ಪೂರ್ತಿ ತೀರಿಸಿದ್ದು 1823ರಲ್ಲಿ. ಬಡ್ಡಿ ಸೇರಿ ಖರೀದಿಗೆ ತಗುಲಿದ ಒಟ್ಟು ವೆಚ್ಚ 2.3 ಕೋಟಿ ಡಾಲರನ್ನು ದಾಟಿತ್ತು.

ಇಷ್ಟು ಜಾಣತನದ ನಡುವೆಯೂ ಒಂದು ಎಡವಟ್ಟು ಉಳಿದಿತ್ತು. ನೆಪೋಲಿಯನ್ ಮಾರಿದ ದಿನ ಆ ನೆಲದ ಆಡಳಿತ ಇನ್ನೂ ಸ್ಪೇನಿನ ಕೈಯಲ್ಲಿತ್ತು! 1800ರ ರಹಸ್ಯ ಒಪ್ಪಂದದಲ್ಲಿ ಸ್ಪೇನ್ ಅದನ್ನು ಫ್ರಾನ್ಸಿಗೆ ಬಿಟ್ಟುಕೊಡಲು ಒಪ್ಪಿತ್ತು. ಮೂರನೆಯವರಿಗೆ ಕೊಡುವುದಿಲ್ಲವೆಂಬ ಮಾತನ್ನು ಫ್ರಾನ್ಸ್ ಮುರಿದಿದೆ ಎಂಬುದು ಸ್ಪೇನಿನ ಆಕ್ಷೇಪ. ನ್ಯೂ ಆರ್ಲಿಯನ್ಸನ್ನು ಸ್ಪೇನ್ ಫ್ರಾನ್ಸಿಗೆ ಒಪ್ಪಿಸಿದ್ದು 1803ರ ನವೆಂಬರ್ 30ರಂದು, ಫ್ರಾನ್ಸ್ ಅದನ್ನು ಅಮೆರಿಕಕ್ಕೆ ಒಪ್ಪಿಸಿದ್ದು ಡಿಸೆಂಬರ್ 20ರಂದು. ಮಾರಿದವನ ಕೈಯಲ್ಲಿ ಊರು ಇದ್ದದ್ದು ಬರೀ ಇಪ್ಪತ್ತು ದಿನ. ‘ಸ್ವಾಧೀನದ ನಂತರವೇ ಪತ್ರ’ ಎಂಬ ಷರತ್ತಿನ ಬೆಲೆ ಇಲ್ಲಿ ಅರ್ಥವಾಗುತ್ತದೆ.

ಬಾವುಟ ಇಳಿಯಿತು, ಚೆಕ್ ಬರಲಿಲ್ಲ

ಎರಡನೆಯ ಖರೀದಿ ಅಲಾಸ್ಕ. ರಷ್ಯದ ರಾಯಭಾರಿ ಸ್ಟೋಕಲ್ ಮತ್ತು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಸೆವಾರ್ಡ್ ರಾತ್ರಿಯಿಡೀ ಕುಳಿತು 1867ರ ಮಾರ್ಚ್ 30ರ ನಸುಕಿನಲ್ಲಿ ಸಹಿ ಹಾಕಿದರು. ಬೆಲೆ ಚಿನ್ನದ ಲೆಕ್ಕದಲ್ಲಿ 72 ಲಕ್ಷ ಡಾಲರ್. ಇದರಲ್ಲಿ ಎರಡು ಲಕ್ಷ ಕೊನೆಯಲ್ಲಿ ಸೇರಿದ್ದು. ಯಾವ ರಷ್ಯನ್ ಕಂಪನಿಯ ಹಕ್ಕೂ, ಸವಲತ್ತೂ ಆ ನೆಲದ ಮೇಲೆ ಉಳಿಯಬಾರದು ಎಂಬ ಷರತ್ತಿಗಾಗಿ ಕೊಟ್ಟ ಹೆಚ್ಚುವರಿ ಹಣ ಅದು. ಇಂದು ನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸುವವರು ಬಯಸುವುದೂ ಇದೇ ಖಾತರಿಯನ್ನು.

ಕೊಳ್ಳುವವನ ಹಿತ ಹೀಗೆ ಕಾಪಾಡಲ್ಪಟ್ಟಿತು. ಎಡವಿದ್ದು ಮಾರುವವನು. ಅನುಮೋದನೆ ವಿನಿಮಯವಾದ ಹತ್ತು ತಿಂಗಳೊಳಗೆ ವಾಷಿಂಗ್ಟನ್ನಿನಲ್ಲಿ ಹಣ ಕೊಡಬೇಕು ಎಂದಿತ್ತು ಕರಾರು. ಹಣ ಬರುವ ಮೊದಲೇ, 1867ರ ಅಕ್ಟೋಬರ್ 18ರಂದು, ಸಿಟ್ಕಾದಲ್ಲಿ ರಷ್ಯದ ಬಾವುಟ ಇಳಿದು ಅಮೆರಿಕದ ಬಾವುಟ ಏರಿತು. ಇಳಿಸುವಾಗ ರಷ್ಯದ ಬಾವುಟ ಕಂಬಕ್ಕೆ ಸಿಕ್ಕಿಹಾಕಿಕೊಂಡು, ಬಿಡಿಸಲು ಸೈನಿಕನನ್ನು ಮೇಲೇರಿಸಬೇಕಾಯಿತಂತೆ.

ಸೆನೆಟ್ ಒಪ್ಪಿದ್ದರೂ ಹಣ ಮಂಜೂರು ಮಾಡುವ ಅಧಿಕಾರ ಕೆಳಮನೆಯ ಕೈಯಲ್ಲಿತ್ತು. ಆ ಸದನ ಅಧ್ಯಕ್ಷ ಆಂಡ್ರೂ ಜಾನ್ಸನ್‌ರ ಮಹಾಭಿಯೋಗದಲ್ಲಿ ಮುಳುಗಿತ್ತು. 1868ರ ಏಪ್ರಿಲ್ 20ರ ಗಡುವು ಕಳೆಯಿತು. ನೆಲ ಹೋಗಿತ್ತು, ಹಣ ಬಂದಿರಲಿಲ್ಲ. ಕಡೆಗೆ ಜುಲೈ 14ರಂದು ಸದನ ಒಪ್ಪಿ, ಆಗಸ್ಟ್ 1ರ ದಿನಾಂಕದ ಚೆಕ್ ಸ್ಟೋಕಲ್ ಕೈಸೇರಿತು. ವಾಷಿಂಗ್ಟನ್ನಿನ ರಿಗ್ಸ್ ಬ್ಯಾಂಕಿನ ಮೂಲಕ ಹಣದ ಬಹುಪಾಲು ಲಂಡನ್ನಿನ ಬೇರಿಂಗ್ ಸಂಸ್ಥೆಗೇ ಹೋಯಿತು. ನಡುವೆ ಉಳಿದ ಸ್ವಲ್ಪ ಭಾಗ ಸಂಸತ್ ಸದಸ್ಯರಿಗೂ ಪತ್ರಕರ್ತರಿಗೂ ಲಂಚವಾಗಿ ಹೋಯಿತೆಂಬ ಆರೋಪ ಎದ್ದು, ಸದನ ಸಮಿತಿಯ ವಿಚಾರಣೆಯೂ ನಡೆಯಿತು. ಪೂರ್ಣ ಸತ್ಯ ಹೊರಬರಲಿಲ್ಲ. ಆ ಚೆಕ್ ಮಾತ್ರ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇದೆ.

ಒಂದು ಕೈಯಲ್ಲಿ ಕೊಟ್ಟು...

ಮೂರನೆಯ ಖರೀದಿಯಲ್ಲಿ ಎರಡೂ ಕಡೆಯವರು ಪಾಠ ಕಲಿತಿದ್ದರು. ಡೆನ್ಮಾರ್ಕ್ ಹಳೆಯ ಮಾರಾಟಗಾರ ದೇಶ. ತಮಿಳುನಾಡಿನ ತರಂಗಂಬಾಡಿಯನ್ನೂ ಬಂಗಾಳದ ಶ್ರೀರಾಂಪುರವನ್ನೂ 1845ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ 12.5 ಲಕ್ಷ ರೂಪಾಯಿಗೆ ಮಾರಿತ್ತು. ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್, ಸೇಂಟ್ ಜಾನ್ ದ್ವೀಪಗಳನ್ನು 75 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಲು 1867ರಲ್ಲೇ ಸಹಿ ಹಾಕಿತ್ತು. ದ್ವೀಪವಾಸಿಗಳ ಮತವನ್ನೂ ಪಡೆದಿತ್ತು. ಆದರೆ ಅಮೆರಿಕದ ಸೆನೆಟ್ ಅನುಮೋದನೆ ಕೊಡಲೇ ಇಲ್ಲ. 1902ರಲ್ಲಿ ಮತ್ತೊಮ್ಮೆ 50 ಲಕ್ಷ ಡಾಲರಿಗೆ ಮಾತಾದಾಗ ಡೆನ್ಮಾರ್ಕಿನ ಮೇಲ್ಮನೆಯಲ್ಲಿ ಮತಗಳು ಸಮನಾಗಿ, ಒಪ್ಪಂದ ಬಿದ್ದುಹೋಯಿತು.

ಮೊದಲನೆಯ ಮಹಾಯುದ್ಧದಲ್ಲಿ ದ್ವೀಪಗಳು ಜರ್ಮನಿಯ ಪಾಲಾದೀತೆಂಬ ಭಯದಿಂದ ಅಮೆರಿಕ ಮತ್ತೆ ಬಂತು. ಈ ಸಲ ಸೇಂಟ್ ಕ್ರಾಯ್ ದ್ವೀಪವೂ ಸೇರಿ 1916ರ ಆಗಸ್ಟಿನಲ್ಲಿ ಕುದುರಿದ ಬೆಲೆ ಚಿನ್ನದ ನಾಣ್ಯದ ಲೆಕ್ಕದಲ್ಲಿ 2.5 ಕೋಟಿ ಡಾಲರ್. ಹಣಕ್ಕೆ ತೊಂಬತ್ತು ದಿನಗಳ ಗಡುವು. ಹಣ ಸಂದಾಯವಾದ ಕೂಡಲೇ ವಿಧಿವತ್ತಾದ ಹಸ್ತಾಂತರ. 1917ರ ಮಾರ್ಚ್ 31ರಂದು ವಾಷಿಂಗ್ಟನ್ನಿನಲ್ಲಿ ಡೆನ್ಮಾರ್ಕಿನ ರಾಯಭಾರಿ ಬ್ರೂನ್ ಕೈಗೆ ಹಣದ ಪತ್ರ ಬಂತು. ಅದೇ ದಿನ ದ್ವೀಪಗಳಲ್ಲಿ ಬಾವುಟ ಬದಲಾಯಿತು. ಇಂಥದ್ದು ಸಾಧ್ಯವಾದದ್ದು ತಂತಿಯ ಯುಗದಲ್ಲಿ. ನೆಪೋಲಿಯನ್ನನ ಕಾಲದಲ್ಲಿ ಸುದ್ದಿ ಸಾಗರ ದಾಟಲು ವಾರಗಳೇ ಬೇಕಿದ್ದವು. ಆರು ದಿನಗಳ ನಂತರ ಅಮೆರಿಕ ಯುದ್ಧಕ್ಕೆ ಇಳಿಯಿತು.

ಸಾಮಾನ್ಯನ ಪಾಲಿಗೆ

ರಾಜ್ಯಗಳು ಕಲಿತ ಈ ಪಾಠಗಳೇ ಇಂದು ಸಾಮಾನ್ಯ ಖರೀದಿದಾರನಿಗೂ ಒದಗಿವೆ. ಅನೇಕ ದೇಶಗಳಲ್ಲಿ ಆಸ್ತಿಯ ಹಣ ನೇರವಾಗಿ ಮಾರುವವನ ಕೈಸೇರುವುದಿಲ್ಲ. ವಕೀಲರ, ನೋಟರಿಯ ಅಥವಾ ಇಂಥ ಕೆಲಸಕ್ಕೆಂದೇ ಇರುವ ಸಂಸ್ಥೆಯ ‘ಎಸ್ಕ್ರೋ’ ಖಾತೆಯಲ್ಲಿ ಕೂರುತ್ತದೆ. ಹಕ್ಕುಪತ್ರ ಸರಿಯಾಗಿದೆ, ಋಣಭಾರವಿಲ್ಲ, ನೋಂದಣಿ ಮುಗಿದಿದೆ ಎಂದು ಖಚಿತವಾದ ಮೇಲೆ ಬಿಡುಗಡೆಯಾಗುತ್ತದೆ. ಬೇರಿಂಗ್ ಮತ್ತು ಹೋಪ್ ತುಂಬಿದ ಜಾಗದಲ್ಲಿ ಇಂದು ಈ ಖಾತೆ ಇದೆ.

ಭಾರತೀಯರಿಗೆ ಈ ದಾರಿ ತೆರೆದದ್ದು ತಡವಾಗಿ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅಂದರೆ ‘ಫೆರಾ’ದ ಕಾಲದಲ್ಲಿ ಇಲ್ಲಿನ ನಿವಾಸಿ ಹೊರದೇಶದಲ್ಲಿ ಮನೆ ಕೊಳ್ಳುವುದು ದೂರದ ಮಾತಾಗಿತ್ತು. 2000ದ ಜೂನ್‌ನಲ್ಲಿ ‘ಫೆಮಾ’ ಜಾರಿಗೆ ಬಂತು. 2004ರಲ್ಲಿ ರಿಸರ್ವ್ ಬ್ಯಾಂಕ್ ಉದಾರೀಕೃತ ರವಾನೆ ಯೋಜನೆ ಆರಂಭಿಸಿ, ವರ್ಷಕ್ಕೆ 25,000 ಡಾಲರ್ ಕಳಿಸಲು ಅವಕಾಶ ಕೊಟ್ಟಿತು. 2015ರಲ್ಲಿ ಈ ಮಿತಿ ಎರಡೂವರೆ ಲಕ್ಷ ಡಾಲರಿಗೆ ಏರಿತು. ಅಧಿಕೃತ ಬ್ಯಾಂಕಿನ ಮೂಲಕ ಹೀಗೆ ಕಳಿಸಿದ ಹಣದಿಂದ ಹೊರದೇಶದಲ್ಲಿ ಆಸ್ತಿ ಕೊಳ್ಳಬಹುದು. ಅನಿವಾಸಿ ಭಾರತೀಯರು ಇಲ್ಲಿ ಮನೆ ಕೊಳ್ಳುವಾಗಲೂ ಹಣ ಬ್ಯಾಂಕಿನ ಮೂಲಕವೇ ಬರಬೇಕು, ವಿದೇಶಿ ನೋಟುಗಳಲ್ಲಿ ಕೊಡುವಂತಿಲ್ಲ. ಹವಾಲಾ ದಾರಿ ಅಗ್ಗವೆಂದು ಹಿಡಿದವನಿಗೆ, ವ್ಯಾಜ್ಯ ಎದ್ದ ದಿನ ಹಣ ಕೊಟ್ಟದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ, ಹಣ ಪಡೆದವನು ನಿಜವಾದ ಒಡೆಯನೇ ಎಂಬ ಪ್ರಶ್ನೆಯನ್ನು ಯಾವ ಬ್ಯಾಂಕೂ ಬಗೆಹರಿಸಲಾರದು. ಲೂಯಿಸಿಯಾನದಲ್ಲಿ, ಅಲಾಸ್ಕದಲ್ಲಿ ತಲೆತಲಾಂತರದಿಂದ ಬಾಳಿದ್ದ ಮೂಲನಿವಾಸಿಗಳನ್ನು ಮಾರಿದವರೂ ಕೇಳಲಿಲ್ಲ, ಕೊಂಡವರೂ ಕೇಳಲಿಲ್ಲ. 1916ರಲ್ಲಿ ದ್ವೀಪ ಮಾರುವ ಬಗ್ಗೆ ಡೆನ್ಮಾರ್ಕಿನಲ್ಲಿ ಜನಮತಗಣನೆ ನಡೆಯಿತು, ದ್ವೀಪವಾಸಿಗಳಿಗೆ ಅದರಲ್ಲಿ ಮತವಿರಲಿಲ್ಲ. ಅಲಾಸ್ಕದ ಮೂಲನಿವಾಸಿಗಳ ಹಕ್ಕಿನ ಪ್ರಶ್ನೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿಯಿತು. 1971ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ಮಾಡಿ ಅವರಿಗೆ ಸುಮಾರು 4.4 ಕೋಟಿ ಎಕರೆ ನೆಲವನ್ನೂ 96 ಕೋಟಿ 25 ಲಕ್ಷ ಡಾಲರನ್ನೂ ಕೊಡಲು ಒಪ್ಪಿತು. ರಷ್ಯಕ್ಕೆ ಕೊಟ್ಟದ್ದು 72 ಲಕ್ಷ.