ಅನ್ವಯ, ವ್ಯತಿರೇಕ ಮತ್ತು ಲೋಕಯುಕ್ತಿ

ಜನರು ಮಾಡುವ ಊಹೆಗಳು ತರ್ಕದ ನಿಯಮಗಳಿಗೆ ಅನೇಕವೇಳೆ ಹೊಂದುವುದಿಲ್ಲ. ಇದು ಬುದ್ಧಿಯ ದೋಷವೋ, ಪ್ರಶ್ನೆಯನ್ನು ಬುದ್ಧಿಯ ಮುಂದಿಟ್ಟ ರೀತಿಯ ದೋಷವೋ ಎಂಬುದು ವಿಚಾರಾರ್ಹವಾಗಿದೆ.

1854ರಲ್ಲಿ ಜಾರ್ಜ್ ಬೂಲ್ ಎಂಬ ಆಂಗ್ಲ ಪಂಡಿತನು ತರ್ಕಕ್ಕೆ ಗಣಿತರೂಪವನ್ನು ಕೊಟ್ಟು, ಅದನ್ನು ಚಿಂತನೆಯ ನಿಯಮವೆಂದೇ ಕರೆದನು. ಜರ್ಮನಿಯ ಫ್ರೇಗೆಯಾದರೋ, ತರ್ಕವು ಸತ್ಯದ ನಿಯಮವೇ ಹೊರತು ಮನೋವ್ಯಾಪಾರದ ವರ್ಣನೆಯಲ್ಲವೆಂದು ವಾದಿಸಿದನು. ಈ ಮತದಂತೆ ಜನರು ತಪ್ಪಿದರೆ ತರ್ಕಕ್ಕೆ ಹಾನಿಯಿಲ್ಲ. ಆದರೆ ಏಕೆ ತಪ್ಪುತ್ತಾರೆಂಬ ಪ್ರಶ್ನೆಯು ಉಳಿದೇ ಉಳಿಯಿತು.

1966ರಲ್ಲಿ ಇಂಗ್ಲೆಂಡಿನ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞನು ಒಂದು ಪರೀಕ್ಷೆಯನ್ನು ಪ್ರಕಟಿಸಿದನು. ನಾಲ್ಕು ಚೀಟಿಗಳು, ಪ್ರತಿಯೊಂದರ ಒಂದು ಮುಖದಲ್ಲಿ ಅಕ್ಷರ, ಮತ್ತೊಂದರಲ್ಲಿ ಸಂಖ್ಯೆ. ಕಾಣುವ ಮುಖಗಳಲ್ಲಿ ಒಂದು ಸ್ವರ, ಒಂದು ವ್ಯಂಜನ, ಒಂದು ಸಮಸಂಖ್ಯೆ, ಒಂದು ಬೆಸಸಂಖ್ಯೆ. 'ಸ್ವರವಿದ್ದರೆ ಹಿಂದೆ ಸಮಸಂಖ್ಯೆಯಿರುತ್ತದೆ' ಎಂಬ ನಿಯಮವನ್ನು ಪರೀಕ್ಷಿಸಲು ಯಾವ ಚೀಟಿಗಳನ್ನು ತಿರುಗಿಸಬೇಕು? ಸ್ವರವನ್ನೂ ಬೆಸಸಂಖ್ಯೆಯನ್ನೂ ಎಂಬುದೇ ಸರಿಯುತ್ತರ. ಬಹುಮಂದಿ ಆರಿಸಿದ್ದು ಸ್ವರವನ್ನೂ ಸಮಸಂಖ್ಯೆಯನ್ನೂ.

ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಈ ಪ್ರಮಾದವು ಸ್ಪಷ್ಟವಾಗುತ್ತದೆ. ಹೊಗೆಯಿದ್ದಲ್ಲಿ ಬೆಂಕಿ ಎಂಬ ವ್ಯಾಪ್ತಿಗೆ ಅಡಿಗೆಮನೆಯು ಅನ್ವಯದೃಷ್ಟಾಂತ. ಬೆಂಕಿಯಿಲ್ಲದ, ಆದ್ದರಿಂದಲೇ ಹೊಗೆಯೂ ಇಲ್ಲದ ಮಡುವು ವ್ಯತಿರೇಕದೃಷ್ಟಾಂತ. ಬೆಸಸಂಖ್ಯೆಯ ಚೀಟಿಯೇ ಇಲ್ಲಿ ಮಡುವು. ಅದರ ಹಿಂದೆ ಸ್ವರವಿದ್ದರೆ ವ್ಯಭಿಚಾರವು ಸಿದ್ಧವಾಗುತ್ತದೆ. ಸಮಸಂಖ್ಯೆಯ ಹಿಂದೆ ವ್ಯಂಜನವಿದ್ದರೂ ಬಾಧಕವಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದೆ ಬೆಂಕಿಯಿರುವಂತೆಯೇ ಅದು. ಜನರು ಅನ್ವಯವನ್ನು ಅರಸಿದರು, ವ್ಯತಿರೇಕವನ್ನು ಮರೆತರು.

ಆದರೆ ಈ ಮರೆವು ಸಾರ್ವತ್ರಿಕವಲ್ಲ. ಅಮೆರಿಕದ ಗ್ರಿಗ್ಸ್ ಮತ್ತು ಕಾಕ್ಸ್ ಎಂಬವರು ಇದೇ ಪರೀಕ್ಷೆಯನ್ನು, ಬೀರು ಕುಡಿಯುವವನಿಗೆ 19 ವರ್ಷ ಮೀರಿರಬೇಕೆಂಬ ನಿಯಮದ ರೂಪದಲ್ಲಿ ಫ್ಲಾರಿಡಾದ ವಿದ್ಯಾರ್ಥಿಗಳಿಗೆ ಕೊಟ್ಟು, 1982ರಲ್ಲಿ ಫಲವನ್ನು ಪ್ರಕಟಿಸಿದರು. 40 ಮಂದಿಯಲ್ಲಿ 29 ಮಂದಿ ಸರಿಯಾಗಿ ಉತ್ತರಿಸಿದರು. ಎಳೆಯನು ಏನು ಕುಡಿಯುತ್ತಿರುವನೆಂದು ನೋಡಬೇಕೆಂಬುದು ಅವರಿಗೆ ಹೊಳೆಯಿತು, ಅದೇ ವ್ಯತಿರೇಕಪರೀಕ್ಷೆ. ಪರಿಚಯವೇ ಇದಕ್ಕೆ ಕಾರಣವೆಂದು ಕೆಲವರೂ, ನಿಯಮವನ್ನು ಮೀರುವವನನ್ನು ಪತ್ತೆಮಾಡುವ ಬುದ್ಧಿಯೇ ಕಾರಣವೆಂದು ಮತ್ತೆ ಕೆಲವರೂ ಹೇಳುತ್ತಾರೆ. ಹೇಗಾದರೂ, ಬುದ್ಧಿಗೆ ವ್ಯತಿರೇಕವು ಅಸಾಧ್ಯವಲ್ಲವೆಂಬುದು ನಿಶ್ಚಿತ.

ಗೌತಮನ ನ್ಯಾಯಸೂತ್ರವು ಪ್ರತಿಜ್ಞೆ, ಹೇತು, ಉದಾಹರಣ, ಉಪನಯ, ನಿಗಮನವೆಂಬ ಐದು ಅವಯವಗಳನ್ನು ಹೇಳಿ, ಉದಾಹರಣವು ಸಾಧರ್ಮ್ಯದಿಂದಲೂ ವೈಧರ್ಮ್ಯದಿಂದಲೂ ಆಗಬಹುದೆಂದು ವಿಧಿಸಿದೆ. ಮೀಮಾಂಸಕರು ಮೂರೇ ಸಾಕೆಂದರು. ಅವರೂ ಉದಾಹರಣವನ್ನು ಬಿಡಲಿಲ್ಲ. ನೈಯಾಯಿಕರು ವೇಸನನ ಫಲವನ್ನು ಮೊದಲೇ ಕಂಡಿದ್ದರೆಂದು ಇದರಿಂದ ಹೇಳಲಾಗದು. ಅವರಿಗೆ ಉದಾಹರಣವು ವ್ಯಾಪ್ತಿಯನ್ನು ತೋರಿಸುವ ಸ್ಥಳ, ಮನಸ್ಸಿಗೆ ಆಸರೆ ಮಾತ್ರವಲ್ಲ. ಆದರೂ ಪರರಿಗೆ ಒಪ್ಪಿಸುವ ಅನುಮಾನದಲ್ಲಿ ದೃಷ್ಟಾಂತವು ಅಧಿಕವಾದ ಹೊರೆಯೆಂಬ ಆಕ್ಷೇಪವು ಇನ್ನು ನಿಲ್ಲುವುದಿಲ್ಲ. ದೃಷ್ಟಾಂತವನ್ನು ಕಿತ್ತುಕೊಂಡು ಬರಿಯ ಆಕಾರವನ್ನು ಕೈಗಿತ್ತು, ಎಡವಿದವನನ್ನು ಯುಕ್ತಿಹೀನನೆನ್ನುವುದು ನ್ಯಾಯವಲ್ಲ.